ನಕ್ಷೆಯ ಮೇಲಿನ ಕೆಂಪು ಗೆರೆ ವಿಮಾನದ ದಾರಿಯಲ್ಲ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ದೂರದ ವಿಮಾನಯಾನಗಳ ಪಟ್ಟಿ ಕೊಟ್ಟಿದ್ದೀರಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 14,000 ಕಿ.ಮೀ., ಹದಿನೈದೂವರೆ ಗಂಟೆ ಎಂದಿದೆ. ದೂರ ಸರಿಯಾಗಿದೆ. ಅವಧಿಯನ್ನು ಮಾತ್ರ ಗಂಟೆಗೆ 900 ಕಿ.ಮೀ.ನಂತೆ ಭಾಗಿಸಿ ತೆಗೆದಂತಿದೆ. ಪಕ್ಕದ ನಕ್ಷೆಯಲ್ಲಿ ಅರಬ್ಬಿ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ದಾಟಿ ಹೋಗುವ ಒಂದು ಕೆಂಪು ಗೆರೆ. ಆ ಗೆರೆಯ ಮೇಲೆಯೇ ಹಾರಿದರೆ ದಾರಿ ಸುಮಾರು 20,000 ಕಿ.ಮೀ. ಆಗುತ್ತದೆ! ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದವನಿಗೆ ಇದನ್ನು ನೋಡಿ ಸುಮ್ಮನಿರಲಾಗಲಿಲ್ಲ.

ನಮ್ಮ ಮನೆಯಲ್ಲಿ 30 ಸೆಂ.ಮೀ. ಅಡ್ಡಳತೆಯ ಭೂಗೋಳವಿದೆ. ಎರಡು ಊರುಗಳ ನಡುವೆ ಹೂ ಕಟ್ಟುವ ದಾರವನ್ನು ಬಿಗಿಯಾಗಿ ಎಳೆದು ಹಿಡಿದೆ. ಸುಮಾರು 33 ಸೆಂ.ಮೀ. ಬಂತು, ಅಂದರೆ ಅದೇ 14,000 ಕಿ.ಮೀ. ದಾರ ಆಫ್ರಿಕದ ಕಡೆ ತಿರುಗಿಯೂ ನೋಡಲಿಲ್ಲ. ಛತ್ತೀಸಗಡ, ಟಿಬೆಟ್, ಸೈಬೀರಿಯಾಗಳ ಮೇಲೆ ಹಾದು, ಉತ್ತರದ ಆರ್ಕ್ಟಿಕ್ ಹಿಮಸಾಗರದ ಅಂಚು ಮುಟ್ಟಿ, ಅಲಾಸ್ಕಾ ಕಡೆಯಿಂದ ಕೆಳಗಿಳಿಯಿತು. ದುಂಡಗಿನ ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಇದೇ.

ವಿಮಾನ ಈ ದಾರವನ್ನೂ ಹಾಗೆಯೇ ಹಿಡಿದು ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ಬೇಗನೆ ಸುಮಾರು 10,000 ಅಡಿಗೆ ಇಳಿಯಬೇಕು. ಟಿಬೆಟ್ಟಿನ ನೆಲವೇ ಅದಕ್ಕಿಂತ ಎತ್ತರ. ಅಲ್ಲಿ ಇಳಿಯುವುದಾದರೂ ಎಲ್ಲಿಗೆ? ಇನ್ನು ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲ್ಗಾಳಿಯ ಬಲ ಸಾಮಾನ್ಯದ್ದಲ್ಲ. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಮೇಲೆ ಹಾರಿಸಿತು. ದಾರಿ ಸುಮಾರು 1,400 ಕಿ.ಮೀ. ಉದ್ದವಾಯಿತು, ಆದರೂ ಬೆನ್ನಿಗೆ ಗಾಳಿಯಿದ್ದುದರಿಂದ 15,300 ಕಿ.ಮೀ.ಯನ್ನು ಹದಿನಾಲ್ಕೂವರೆ ಗಂಟೆಯಲ್ಲಿ ಮುಗಿಸಿ ಮೊದಲಿಗಿಂತ ಬೇಗ ತಲುಪಿತು. 2021ರ ಜನವರಿಯಲ್ಲಿ ನಾಲ್ವರು ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ದಾರಿಯಲ್ಲಿ ಬಂದಾಗ ಸುಮಾರು ಹದಿನೇಳು ಗಂಟೆ ಹಿಡಿಯಿತು. ಆ ಸುದ್ದಿಯನ್ನು ನಾನು ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಇದು ಮೇಷ್ಟರ ಹಟವೆಂದು ದಯವಿಟ್ಟು ತಳ್ಳಿಹಾಕಬೇಡಿ. ಮಗಳ ಬಾಣಂತನಕ್ಕೆಂದು ನನ್ನ ಹೆಂಡತಿ ಚಳಿಗಾಲದಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಒಬ್ಬಳೇ ಹೊರಟಳು. ಟಿಕೆಟ್‌ನಲ್ಲಿ ಮಧ್ಯಾಹ್ನ ಎರಡೂವರೆಗೆ ಹೊರಟು ಅದೇ ದಿನ ಅಲ್ಲಿನ ಸಂಜೆ ಆರಕ್ಕೆ ಇಳಿಯುವುದೆಂದಿತ್ತು. ಗಡಿಯಾರದ ಲೆಕ್ಕದಲ್ಲಿ ಮೂರೂವರೆ ಗಂಟೆಯ ಪ್ರಯಾಣ. ಹದಿಮೂರೂವರೆ ಗಂಟೆಯ ಕಾಲವ್ಯತ್ಯಾಸ ಕೂಡಿಸಿದರೆ ಹದಿನೇಳು, ನಿಮ್ಮ ಪಟ್ಟಿಗಿಂತ ಒಂದೂವರೆ ಗಂಟೆ ಹೆಚ್ಚು. ಅವಳು ದಿನಕ್ಕೆ ಎರಡು ಹೊತ್ತು ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವಳು. ವೈದ್ಯರನ್ನು ಕೇಳಿ, ಪ್ರತಿ ಹೊತ್ತಿನ ಮಾತ್ರೆಯನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಕಟ್ಟಿ, ಮೇಲೆ ಭಾರತದ ಸಮಯ ಬರೆದುಕೊಟ್ಟೆ. ಕೈಗಡಿಯಾರವನ್ನು ಇಳಿಯುವವರೆಗೂ ತಿರುಗಿಸಬೇಡ ಎಂದು ಹೇಳಿ ಕಳುಹಿಸಿದೆ. ನಮ್ಮ ಬೀದಿಯಿಂದಲೇ ಇನ್ನಿಬ್ಬರು ಅಜ್ಜಿಯರು ಮೊಮ್ಮಕ್ಕಳನ್ನು ನೋಡಲು ಹೋಗಿ ಬಂದಿದ್ದಾರೆ. ಇಂಥವರು ನಂಬುವುದು ಪತ್ರಿಕೆಯಲ್ಲಿ ಅಚ್ಚಾದ ಅಂಕಿಯನ್ನೇ.

ಮುಂದಿನ ಪುರವಣಿಯಲ್ಲಿ ಹೋಗುವ ಅವಧಿಯನ್ನೂ ಬರುವ ಅವಧಿಯನ್ನೂ ಬೇರೆ ಬೇರೆಯಾಗಿ, ಪಕ್ಕದಲ್ಲಿ ಕಾಲವ್ಯತ್ಯಾಸದೊಡನೆ ಕೊಡಿ. ನಕ್ಷೆ ಹಾಕುವುದಾದರೆ ಭೂಗೋಳದ ಚಿತ್ರವನ್ನೇ ಹಾಕಿ. ಬೇಕಿದ್ದರೆ ದಾರ ಹಿಡಿದ ನಮ್ಮ ಭೂಗೋಳದ ಫೋಟೊ ತೆಗೆದು ಕಳುಹಿಸುತ್ತೇನೆ.

– ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ, ಸಾಗರ