ಒಂದೇ ಚಿತ್ರದ ಮುಂದೆ

ಪ್ರೀತಿಯ ತಮ್ಮ,

ನಿನ್ನ ಪತ್ರ ಬಂದು ಹದಿನೈದು ದಿನ ಆಯಿತು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. "ಅಕ್ಕಾ, ಈ ಮಹಾನಗರಕ್ಕೆ ಬಂದು ಎಂಟು ತಿಂಗಳಾಯಿತು. ಬರೆಯುವಂಥದ್ದು ಏನೂ ಕಾಣುತ್ತಿಲ್ಲ. ಬಸ್ಸು, ಆಫೀಸು, ಬಾಡಿಗೆ ಕೋಣೆ, ಇಷ್ಟೇ" ಅಂತ ಬರೆದಿದ್ದೀಯ. ಆ ಸಾಲನ್ನು ಎರಡು ಮೂರು ಸಲ ಓದಿದೆ. ಬರೆಯಲು ಏನೂ ಸಿಗದಿದ್ದರೆ ಚಿಂತೆಯಿಲ್ಲ. ಅಷ್ಟು ದೊಡ್ಡ ಊರಿನಲ್ಲಿ ನಿನಗೆ ಖುಷಿ ಕೊಡುವ ಒಂದು ಜಾಗವೂ ಸಿಕ್ಕಿಲ್ಲವಲ್ಲ ಅನ್ನುವುದೇ ನನ್ನನ್ನು ಕಾಡಿತು. ಬರವಣಿಗೆಯ ಮಾತು ಆಮೇಲೆ. ಮೊದಲು ಅದನ್ನು ನೋಡೋಣ.

ನಿನ್ನ ವಯಸ್ಸಿನಲ್ಲಿ ನಾನು ಕೆಲಸ ಮಾಡುತ್ತಿದ್ದ ಆಫೀಸಿನಿಂದ ಹತ್ತು ನಿಮಿಷ ನಡೆದರೆ ಒಂದು ಚಿತ್ರಶಾಲೆ ಇತ್ತು. ಎರಡು ವರ್ಷ ಅದರ ಮುಂದೆಯೇ ಓಡಾಡಿದ್ದೆ, ಒಳಗೆ ಕಾಲಿಟ್ಟಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ಅಲ್ವಾ? ಒಂದು ಮಧ್ಯಾಹ್ನ ಮಳೆ ಬಂತು ಅಂತ ಒಳಗೆ ಹೊಕ್ಕೆ. ಎಲ್ಲವನ್ನೂ ನೋಡಿಬಿಡಬೇಕು ಅಂತ ಕೋಣೆಯಿಂದ ಕೋಣೆಗೆ ಓಡಿದೆ. ಹೊರಗೆ ಬಂದಾಗ ಒಂದು ಚಿತ್ರವೂ ಮನಸ್ಸಿನಲ್ಲಿ ಉಳಿದಿರಲಿಲ್ಲ.

ಮುಂದಿನ ವಾರ ಹೋದಾಗ ಒಂದೇ ಚಿತ್ರದ ಮುಂದೆ ಕುಳಿತೆ. ಕಿಟಕಿಯ ಪಕ್ಕ ಬಟ್ಟೆ ಮಡಚುತ್ತಿರುವ ಹೆಂಗಸು. ಮೊದಲ ಐದು ನಿಮಿಷ ಬೇಜಾರಾಯಿತು. ಆದರೂ ಎದ್ದು ಬರಲಿಲ್ಲ. ಆಮೇಲೆ ವಾರಕ್ಕೊಮ್ಮೆ ಹೋಗತೊಡಗಿದೆ. ಐದನೇ ವಾರ ಕಂಡಿತು: ಅವಳ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ ಇದೆ! ಯಾರೋ ಕರೆದರು ಅಂತ ಹೊರಟವಳೋ, ಹೊರಟವಳು ಬಟ್ಟೆ ನೆನಪಾಗಿ ವಾಪಸ್ ಬಂದವಳೋ. ಅಲ್ಲಿಯ ಕಾವಲುಗಾರರೊಬ್ಬರು, ವಯಸ್ಸಾದವರು, ನನ್ನನ್ನು ಗಮನಿಸುತ್ತಿದ್ದರು ಅಂತ ಕಾಣುತ್ತದೆ. ಒಂದು ದಿನ ಹತ್ತಿರ ಬಂದು, "ನಾಲ್ಕು ಗಂಟೆಗೆ ಬನ್ನಿ ಅಮ್ಮಾ. ಮೇಲಿನ ಗಾಜಿನಿಂದ ಬೆಳಕು ಈ ಕಡೆ ಬೀಳುತ್ತೆ. ಆಗ ಆ ಬಟ್ಟೆ ನೀಲಿ ಕಾಣುತ್ತೆ" ಅಂದರು. ಹನ್ನೊಂದು ವರ್ಷ ಆ ಕೋಣೆಯಲ್ಲಿ ನಿಂತವರು ಅವರು. ಆ ಚಿತ್ರವನ್ನು ಅವರಷ್ಟು ಬಲ್ಲವರನ್ನು ನಾನು ಕಂಡಿಲ್ಲ.

ಆ ಕೋಣೆ ನೆನಪಾದಾಗಲೆಲ್ಲ ಯುದ್ಧಕಾಲದ ಲಂಡನ್ ಕೂಡ ಕಣ್ಣಮುಂದೆ ಬರುತ್ತದೆ. 1939ರಲ್ಲಿ ಅಲ್ಲಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ಬಾಂಬಿನ ಭಯದಿಂದ ಊರಾಚೆ ಸಾಗಿಸಿದರು. ಕೊನೆಗೆ ಅವು ವೇಲ್ಸ್‌ನ ಒಂದು ಕಲ್ಲುಗಣಿಯೊಳಗೆ ಸೇರಿದವು. ಖಾಲಿಯಾದ ಆ ಕಟ್ಟಡದಲ್ಲಿ ಮೈರಾ ಹೆಸ್ ಎಂಬ ಪಿಯಾನೋ ವಾದಕಿ ಮಧ್ಯಾಹ್ನದ ಸಂಗೀತ ಕಛೇರಿ ಶುರು ಮಾಡಿದರು. ರಾತ್ರಿ ಊರೆಲ್ಲ ದೀಪ ಆರಿಸಬೇಕಿದ್ದ ಕಾಲ ಅದು. ಆಫೀಸಿನವರು ಊಟದ ಬಿಡುವಿನಲ್ಲಿ ಬಂದು ಕೇಳಿ ಹೋಗುತ್ತಿದ್ದರು. 1946ರವರೆಗೆ ಹೀಗೆ 1,698 ಕಛೇರಿಗಳು ನಡೆದವು. ನಡುವೆ, 1942ರಲ್ಲಿ, ಚಿತ್ರಗಳನ್ನೂ ನೋಡಬೇಕು ಅಂತ ಜನ ಕೇಳಿದರು. ಆಗ ಹಳೆಯ ಸಂಗ್ರಹದಿಂದ ತಿಂಗಳಿಗೆ ಒಂದೇ ಒಂದು ಚಿತ್ರವನ್ನು ತಂದು ತೂಗುಹಾಕತೊಡಗಿದರು. ಆ ಒಂದು ಚಿತ್ರ ನೋಡಲು ಜನ ಬಂದರು. ಅದೇ ಗೋಡೆಗಳ ಮೇಲೆ ನೂರಾರು ಚಿತ್ರ ಇದ್ದ ಕಾಲದಲ್ಲಿ ಅವರಲ್ಲಿ ಎಷ್ಟು ಜನ ಸುಮ್ನೆ ಹೊರಗಿನಿಂದಲೇ ದಾಟಿ ಹೋಗಿದ್ದರೋ!

ನಿನಗೂ ಒಂದು ಸಾಕು ತಮ್ಮ. ಅದು ಚಿತ್ರವೇ ಆಗಬೇಕಿಲ್ಲ. ಲೈಬ್ರರಿಯ ಒಂದು ಮೂಲೆ ಆಗಬಹುದು. ಪುಕ್ಕಟೆ ನಾಟಕ, ಸಂಗೀತ ನಡೆಯುವ ಒಂದು ಸಭಾಂಗಣ ಆಗಬಹುದು. ದಿನಾ ದಾಟುವ ಒಂದು ಮರವೂ ಆದೀತು. ದೊಡ್ಡ ಊರು "ಇದನ್ನೂ ನೋಡು, ಅದನ್ನೂ ನೋಡು" ಅಂತ ಕರೆಯುತ್ತಲೇ ಇರುತ್ತದೆ. ಎಲ್ಲದಕ್ಕೂ ಓಗೊಡಬೇಡ. ಒಂದನ್ನು ಹಿಡಿದು ಅಲ್ಲಿಗೇ ಮತ್ತೆ ಮತ್ತೆ ಹೋಗು.

ಬಸ್ ಸ್ಟಾಪಿನಲ್ಲಿ ಪಾರಿವಾಳ ನೋಡಿರುತ್ತೀಯ. ನಡೆಯುವಾಗ ತಲೆ ಕುಣಿಸುತ್ತದೆ ಅಂತ ನಮಗನ್ನಿಸುತ್ತದೆ. ನಿಜವಾಗಿ ಅದು ತಲೆಯನ್ನು ಮುಂದಕ್ಕೆ ಚಾಚಿ, ಮೈ ಬಂದು ಸೇರುವವರೆಗೂ ಅಲ್ಲೇ ನಿಲ್ಲಿಸಿಕೊಳ್ಳುತ್ತದೆ. ತಲೆ ನಿಂತಷ್ಟು ಹೊತ್ತು ಅದಕ್ಕೆ ಸುತ್ತಲಿನದು ಸ್ಪಷ್ಟವಾಗಿ ಕಾಣುತ್ತದೆ. 1978ರಲ್ಲಿ ಬ್ಯಾರಿ ಫ್ರಾಸ್ಟ್ ಎಂಬ ವಿಜ್ಞಾನಿ ಪಾರಿವಾಳಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿದರು. ಕಾಲು ಓಡುತ್ತಿತ್ತು, ಸುತ್ತಲಿನ ನೋಟ ಮಾತ್ರ ಬದಲಾಗುತ್ತಿರಲಿಲ್ಲ. ಆಗ ತಲೆ ಕುಣಿಯುವುದೂ ನಿಂತಿತು. ಈ ಹಕ್ಕಿಯ ಪೂರ್ವಿಕರು ಕಡಿದಾದ ಬಂಡೆಗಳ ಸಂದಿಯಲ್ಲಿ ಇದ್ದವರು. ನಮ್ಮ ಎತ್ತರದ ಕಟ್ಟಡಗಳು ಅವಕ್ಕೆ ಬಂಡೆಯ ಹಾಗೇ ಒದಗಿದವು. ನಿನ್ನ ಹಾಗೆ ಅದೂ ಬೇರೆ ಕಡೆಯಿಂದ ಬಂದು ನೆಲೆ ಹುಡುಕಿಕೊಂಡದ್ದು. ಇದು ಗೊತ್ತಾದ ಮೇಲೆ ಬಸ್ಸಿಗೆ ಕಾಯುವುದು ನನಗೆ ಹಿಂದಿನಷ್ಟು ಕಷ್ಟವಾಗಲಿಲ್ಲ.

ಇನ್ನು ಬರವಣಿಗೆಯ ಮಾತು. ನೋಟ್‌ಬುಕ್ ಹಿಡಿದು ಬೇಟೆಗೆ ಹೊರಟವರ ಹಾಗೆ ಊರೊಳಗೆ ಹೋಗಬೇಡ. ನಾನು ಹಾಗೆ ಹೋಗಿದ್ದೇನೆ, ಅದರ ನೋವು ಇನ್ನೂ ಇದೆ. ಒಮ್ಮೆ ರೈಲಿನಲ್ಲಿ ಎದುರು ಸೀಟಿನ ಹೆಂಗಸೊಬ್ಬಳು ಸದ್ದಿಲ್ಲದೆ ಅಳುತ್ತಿದ್ದಳು. ನಾನು ಅವಳ ಮುಖ, ಕೈಬೆರಳು, ಸೀರೆಯ ಅಂಚು ಎಲ್ಲವನ್ನೂ ಮನಸ್ಸಿನಲ್ಲೇ ಬರೆದುಕೊಂಡೆ. ಕಥೆ ಅಚ್ಚಾಯಿತು, ಜನ ಮೆಚ್ಚಿದರು. ಎಷ್ಟೋ ತಿಂಗಳ ಮೇಲೆ ಬೇರೊಂದು ನೆನಪಾಯಿತು. ಅವಳ ಪಕ್ಕ ನಿಂತಿದ್ದ ಹುಡುಗ ತನ್ನ ದೊಡ್ಡ ಬ್ಯಾಗನ್ನು ಬೆನ್ನಿನಿಂದ ಇಳಿಸಿ, ಅವಳಿಗೆ ಮರೆಯಾಗುವ ಹಾಗೆ ಎದೆಗೆ ಹಿಡಿದುಕೊಂಡಿದ್ದ. ಬಾಗಿಲ ಕಡೆಯ ಜನಕ್ಕೆ ಅವಳ ಮುಖ ಕಾಣದಿರಲಿ ಅಂತ. ಒಂದು ಮಾತೂ ಆಡಲಿಲ್ಲ. ತನ್ನ ಸ್ಟೇಷನ್ ಬಂದಾಗ ಇಳಿದು ಹೋದ. ಇಡೀ ಊರೇ ಆ ಬ್ಯಾಗಿನಲ್ಲಿತ್ತು, ನನ್ನ ಕಥೆಯಲ್ಲಿ ಅದು ಬರಲೇ ಇಲ್ಲ. ಏನನ್ನಾದರೂ ತೆಗೆದುಕೊಂಡು ಹೋಗಬೇಕು ಅಂತ ಕುಳಿತಿದ್ದೆನಲ್ಲ, ಅದಕ್ಕೇ ಬೇಕಾದದ್ದಷ್ಟೇ ಕಣ್ಣಿಗೆ ಬಿತ್ತು.

ಅದಕ್ಕೇ ಹೇಳುತ್ತೇನೆ, ಮೊದಲ ಕೆಲವು ತಿಂಗಳು ಏನೂ ಬರೆದುಕೊಳ್ಳಬೇಡ. ಸಂಗೀತಕ್ಕೆ ಹೋದರೆ ಬರೀ ಕೇಳು. ಮರೆತುಹೋದರೆ ಹೋಗಲಿ. ಉಳಿಯುವುದು ತಾನಾಗಿ ಉಳಿಯುತ್ತದೆ, ಅದನ್ನು ಬರೆ.

ರಾತ್ರಿ ಎಂಟಕ್ಕೆ ಸುಸ್ತಾಗಿ ಬಂದವನಿಗೆ ಇದೆಲ್ಲ ಇನ್ನೊಂದು ಕೆಲಸ ಅನ್ನಿಸಬಹುದು. ಅನ್ನಿಸಿದ ದಿನ ಮಲಗಿಬಿಡು. ನಿದ್ದೆಗೆಟ್ಟ ಕಣ್ಣಿಗೆ ಯಾವ ಚಿತ್ರವೂ ಕಾಣುವುದಿಲ್ಲ. ಮನಸ್ಸಿದ್ದರೆ ಮಲಗುವ ಮುಂಚೆ ತಾರಸಿಗೆ ಹೋಗಿ ಚಂದ್ರ ಎಲ್ಲಿದ್ದಾನೆ ನೋಡು. ಊರಿನ ದೀಪಗಳು ನಕ್ಷತ್ರಗಳನ್ನು ಮರೆಮಾಡುತ್ತವೆ, ಅವನನ್ನು ಮಾಡಲಾರವು. ನಿನ್ನೆಗಿಂತ ಹೆಚ್ಚುಕಡಿಮೆ ಐವತ್ತು ನಿಮಿಷ ತಡವಾಗಿ ಮೂಡಿರುತ್ತಾನೆ.

ಕೋಣೆಗೆ ಕಿಟಕಿ ಇದೆ ಅಂತ ಬರೆದಿದ್ದೀಯ, ಅದರಿಂದ ಏನು ಕಾಣುತ್ತದೆ ಅಂತ ಬರೆದಿಲ್ಲ. ಮುಂದಿನ ಪತ್ರದಲ್ಲಿ ಹೇಳು. ಎದುರು ಗೋಡೆ ಮಾತ್ರ ಕಂಡರೆ, ಬಿಸಿಲು ಆ ಗೋಡೆಗೆ ಎಷ್ಟು ಗಂಟೆಗೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಅಂತ ಬರೆ. ಒಂದು ಭಾನುವಾರ ಪೂರ್ತಿ ನೋಡಿ ಆಮೇಲೆ ಬರೆ. ನಾನು ಕಾಯುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ