ಐದನೇ ಹೆಸರು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆ ಕಡೆಯ ಸುದ್ದಿಯೆಲ್ಲ ನಿಮ್ಮಮ್ಮ ಹೇಳಿರುತ್ತಾಳೆ, ನಾನು ಮತ್ತೆ ಬರೆಯೋದಿಲ್ಲ. ನಿನ್ನ ಪತ್ರದ ಕೊನೆಯಲ್ಲಿ, ಹೊರಟವರು ಹೊಸ್ತಿಲ ಮೇಲೆ ನಿಂತು ಆಡೋ ಮಾತಿನ ಹಾಗೆ ಒಂದು ಸಾಲು ಬರೆದಿದ್ದೀಯ: “ಐದು ಸೀಟಿಗೆ ನಾಲ್ಕೇ ಹೆಸರು ಬಂದಿವೆ ದೊಡ್ಡಮ್ಮ, ಇನ್ನೊಂದು ಬರದಿದ್ದರೆ ನಾನೇ ನಿಂತುಬಿಡ್ತೀನಿ, ಕುರ್ಚಿ ಖಾಲಿ ಉಳೀಬಾರದಲ್ಲ.” ಉಳಿದದ್ದನ್ನು ಒಂದು ಸಲ ಓದಿದೆ. ಈ ಸಾಲನ್ನು ನಾಲ್ಕು ಸಲ ಓದಿದೆ.

ಪುಟ್ಟಿ, ನೀನು ನಿಮ್ಮ ಸಾಫ್ಟ್‌ವೇರ್ ಫೌಂಡೇಶನ್ನಿನ ಬೋರ್ಡಿಗೆ ನಿರ್ದೇಶಕರನ್ನು ಆರಿಸೋ ಚುನಾವಣಾ ಸಮಿತಿಯ ಮೂವರಲ್ಲಿ ಒಬ್ಬಳು. ಮತದಾರರ ಪಟ್ಟಿ ನಿನ್ನ ಕೈಯಲ್ಲಿದೆ. ಯಾರಿಗೆ ಲಿಂಕು ಹೋಯಿತು, ಯಾರ ಮೇಲ್ ಬೌನ್ಸ್ ಆಯಿತು, ಯಾರು ಇನ್ನೂ ಓಟು ಹಾಕಿಲ್ಲ ಅನ್ನೋದು ನಿನಗೆ ಕಾಣುತ್ತೆ. ಇಂಥವಳು ಅಭ್ಯರ್ಥಿಯಾದರೆ ಬಡಿಸೋಳೇ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತ ಹಾಗೆ. ನೀನು ಒಂದಗುಳೂ ಹೆಚ್ಚಿಗೆ ಬಡಿಸಿಕೊಳ್ಳೋದಿಲ್ಲ, ನನಗೆ ಗೊತ್ತು. ಆದರೆ ಯಾರದಾದರೂ ಎಲೆಗೆ ಪಲ್ಯ ಕಮ್ಮಿ ಬಿತ್ತು ಅನ್ನು, ಆಗ ಎಲ್ಲರ ಕಣ್ಣೂ ನಿನ್ನ ಎಲೆ ಮೇಲೆ. ನಿಲ್ಲಲೇಬೇಕು ಅನ್ನೋ ಆಸೆಯಿದ್ದರೆ ನಾಮಪತ್ರ ಶುರುವಾಗೋಕೆ ಮುಂಚೆಯೇ ಸಮಿತಿ ಬಿಟ್ಟು, ಪಟ್ಟಿಯ ಪಾಸ್‌ವರ್ಡು ಒಪ್ಪಿಸಿ, ಅದನ್ನು ಸದಸ್ಯರಿಗೆಲ್ಲ ತಿಳಿಸಿ ನಿಲ್ಲಬೇಕಿತ್ತು. ಯಾರ್ಯಾರು ನಿಂತಿದ್ದಾರೆ ಅಂತ ಒಳಗಿಂದ ನೋಡಿದ ಮೇಲೆ ಅಲ್ಲ. ಅದೂ ಅಲ್ಲದೆ, ಬಂದಿರೋ ನಾಲ್ವರಲ್ಲಿ ಇಬ್ಬರು ನಿನ್ನ ಕಂಪನಿಯವರೇ ಅಂತ ನೀನೇ ಬರೆದಿದ್ದೀಯ!

ಈ ಖಾಲಿ ಕುರ್ಚಿಯ ಭಯ ನಿನಗೆ ಯಾಕೆ ಇಷ್ಟು? ಕುರ್ಚಿ ಖಾಲಿ ಉಳಿದರೆ ಏನಾಗುತ್ತೆ ಅಂತ ಬೈಲಾ ತೆಗೆದು ನೋಡಿದೆಯಾ? ನೋಡಿರಲಾರೆ, ನಿನ್ನ ವಯಸ್ಸಿನಲ್ಲಿ ನಾನೂ ನೋಡುತ್ತಿರಲಿಲ್ಲ. ಎರಡು ಕಲಮು ಹುಡುಕು. ಒಂದು, ತೆರವಾದ ಸ್ಥಾನವನ್ನು ಉಳಿದ ನಿರ್ದೇಶಕರೇ ತುಂಬಬಹುದಾ, ತುಂಬಿದರೆ ಅವರು ಮುಂದಿನ ಚುನಾವಣೆಯವರೆಗೆ ಮಾತ್ರವಾ ಅಥವಾ ಪೂರ್ತಿ ಅವಧಿಗಾ. ಇನ್ನೊಂದು, ಬೋರ್ಡಿನ ಕೋರಂ, ಅಂದರೆ ಸಭೆ ನಡೆಯೋಕೆ ಇರಲೇಬೇಕಾದ ಕನಿಷ್ಠ ಜನ, ಯಾವುದರ ಮೇಲೆ: ಒಟ್ಟು ಸ್ಥಾನಗಳ ಮೇಲೋ, ಭರ್ತಿಯಾದ ಸ್ಥಾನಗಳ ಮೇಲೋ. ನಿಮ್ಮ ಫೌಂಡೇಶನ್ ಅಮೆರಿಕದ ಡೆಲವೇರ್ ರಾಜ್ಯದಲ್ಲಿ ನೋಂದಣಿಯಾದದ್ದು. ಅಲ್ಲಿನ ಕಾನೂನಿನಲ್ಲಿ ಬೈಲಾ ಬೇರೆ ಹೇಳದಿದ್ದರೆ ಒಟ್ಟು ನಿರ್ದೇಶಕರ ಬಹುಮತವೇ ಕೋರಂ, ಬೈಲಾದಲ್ಲಿ ಇಳಿಸಿದರೂ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಹೋಗುವಂತಿಲ್ಲ. ಈಗ ಲೆಕ್ಕ ಹಾಕು. ನಿಮ್ಮ ಬೋರ್ಡು 9 ಜನರದ್ದು. ಒಂದು ಕುರ್ಚಿ ಖಾಲಿಯಿದ್ದಾಗ 9ರ ಮೇಲೆ ಲೆಕ್ಕ ಹಾಕಿದರೂ ಕೋರಂ 5, 8ರ ಮೇಲೆ ಹಾಕಿದರೂ 5. ಎರಡು ಖಾಲಿಯಾದರೆ ವ್ಯತ್ಯಾಸ ಬರುತ್ತೆ, 9ರ ಮೇಲಾದರೆ 5, 7ರ ಮೇಲಾದರೆ 4. ಅಂದರೆ ನೀನು ನಿದ್ದೆಗೆಟ್ಟಿರೋ ಆ ಒಂದು ಕುರ್ಚಿಯಿಂದ ಒಂದು ಸಭೆಯೂ ನಿಲ್ಲೋದಿಲ್ಲ.

2019ರಲ್ಲಿ ಡೆಬಿಯನ್ ಅನ್ನೋ ಸಾಫ್ಟ್‌ವೇರ್ ಯೋಜನೆಯ ನಾಯಕತ್ವಕ್ಕೆ ನಾಮಪತ್ರದ ಮೊದಲ ವಾರ ಮುಗಿದಾಗ ಒಂದೇ ಒಂದು ಹೆಸರೂ ಬಂದಿರಲಿಲ್ಲ. ಯಾರೂ ಗಾಬರಿಯಾಗಿ ಕಾರ್ಯದರ್ಶಿಯನ್ನೇ ಹಿಡಿದು ನಿಲ್ಲಿಸಲಿಲ್ಲ. ಅವರ ಸಂವಿಧಾನದಲ್ಲೇ ಬರೆದಿದೆ: ಹೆಸರು ಬರದಿದ್ದರೆ ಗಡುವು ಒಂದು ವಾರ ಮುಂದಕ್ಕೆ, ಬೇಕಾದರೆ ಮತ್ತೊಂದು ವಾರ. ಮುಂದಿನ ವಾರ ಐದು ಹೆಸರು ಬಂದವು, ಒಬ್ಬರು ಹಿಂದೆ ಸರಿದರು, ನಾಲ್ವರ ನಡುವೆ ಚುನಾವಣೆ ನಡೆದು ಸ್ಯಾಮ್ ಹಾರ್ಟ್‌ಮನ್ ಗೆದ್ದರು. ಖಾಲಿ ಪಟ್ಟಿ ಎಲ್ಲರ ಕಣ್ಣಿಗೆ ಬಿದ್ದದ್ದೇ ಜನ ಹೊರಗೆ ಬರೋಕೆ ಕಾರಣ ಅಂತ ನನ್ನ ಎಣಿಕೆ. ನಿಮ್ಮ ಬೈಲಾದಲ್ಲಿ ಗಡುವು ವಿಸ್ತರಿಸೋಕೆ ಅವಕಾಶ ಇದ್ದರೆ ವಿಸ್ತರಿಸಿ, ಆದರೆ ಗಡುವು ಮುಗಿಯೋ ಮುಂಚೆಯೇ ಹೇಳಿ. ಮುಗಿದ ಮೇಲೆ ವಿಸ್ತರಿಸಿದರೆ ಮೊದಲ ನಾಲ್ವರು “ನಮ್ಮನ್ನು ಸೋಲಿಸೋಕೆ ಯಾರನ್ನೋ ಹುಡುಕುತ್ತಿದ್ದಾರೆ” ಅಂತಾರೆ, ಅವರು ಹಾಗಂದರೆ ತಪ್ಪಿಲ್ಲ. “ಐದು ಸ್ಥಾನ, ಈವರೆಗೆ ನಾಲ್ಕು ನಾಮಪತ್ರ” ಅಂತ ಸದಸ್ಯರೆಲ್ಲರಿಗೂ ಒಂದೇ ಮೇಲ್‌ನಲ್ಲಿ, ಒಂದೇ ಗಳಿಗೆಯಲ್ಲಿ ತಿಳಿಸು. ಒಬ್ಬಿಬ್ಬರ ಕಿವಿಯಲ್ಲಿ ಹೇಳಬೇಡ. “ನೀವು ನಿಲ್ಲಿ” ಅಂತ ಒಬ್ಬೊಬ್ಬರನ್ನೇ ಕೇಳೋ ಕೆಲಸ ಈಗಿನ ಬೋರ್ಡಿನವರದ್ದು, ನಿನ್ನದಲ್ಲ.

ಹೆಸರು ಯಾಕೆ ಬರೋದಿಲ್ಲ ಅಂದರೆ ಕೆಲಸ ಏನು ಅಂತ ಯಾರೂ ಬರೆದಿರೋದಿಲ್ಲ. ಕೋಡ್ ಬರೆಯೋರು ಬೋರ್ಡ್ ಅಂದರೆ ಮುಂದಿನ ಆವೃತ್ತಿಯಲ್ಲಿ ಏನಿರಬೇಕು ಅಂತ ತೀರ್ಮಾನಿಸೋ ಜಾಗ ಅಂದುಕೊಳ್ತಾರೆ. ಅಲ್ಲಿ ಬಂದು ಕೂತರೆ ಬಜೆಟ್ ಒಪ್ಪಿಗೆ, ಟ್ರೇಡ್‌ಮಾರ್ಕಿನ ತಕರಾರು, ಸಮ್ಮೇಳನದ ಹೋಟೆಲ್ ಕರಾರು, ಅಮೆರಿಕದ ತೆರಿಗೆಗೆ ಫಾರ್ಮ್ 990. ಅರ್ಧ ಪುಟದಲ್ಲಿ ಬರೆದುಬಿಡು: ತಿಂಗಳಿಗೆ ಒಂದು ಸಭೆ, ಅದಕ್ಕೆ ಮುಂಚೆ ಓದಬೇಕಾದ ಕಡತ, ನನ್ನ ಅಂದಾಜಿಗೆ ವಾರಕ್ಕೆ ಎರಡರಿಂದ ನಾಲ್ಕು ಗಂಟೆ. ಸಂಬಳ ಇಲ್ಲ. ನಿರ್ದೇಶಕರ ಹೊಣೆಗಾರಿಕೆ ವಿಮೆ ಇದೆಯೋ ಇಲ್ಲವೋ. ಸಭೆಯ ಗಂಟೆಯನ್ನೂ ಬರೆ. ಅಮೆರಿಕದ ಪಶ್ಚಿಮ ತೀರದ ಬೆಳಗ್ಗೆ 10 ಅಂದರೆ ನಮಗೆ ಬೇಸಿಗೆಯಲ್ಲಿ ರಾತ್ರಿ ಹತ್ತೂವರೆ, ಅವರ ಗಡಿಯಾರ ಬದಲಾದ ಮೇಲೆ ಚಳಿಗಾಲದಲ್ಲಿ ಹನ್ನೊಂದೂವರೆ. ಬೆಂಗಳೂರಿನಿಂದ ಯಾರೂ ನಿಲ್ಲೋದಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀಯಲ್ಲ, ಚಿಕ್ಕ ಮಗು ಇರೋರು ವರ್ಷಪೂರ್ತಿ ಆ ಹೊತ್ತಿಗೆ ಹೇಗೆ ಕೂರ್ತಾರೆ ಹೇಳು.

ನಾನೂ ಹಿಂದೆ ಇಂಥದ್ದೇ ಒಂದು ಸಾಫ್ಟ್‌ವೇರಿನ ಬೋರ್ಡಿಗೆ ಹೆಸರು ತುಂಬಿಸಿದವಳೇ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಬಲವಂತಕ್ಕೆ ಒಪ್ಪಿ ಕೂತ ಇಬ್ಬರು ಆಮೇಲೆ ಸಭೆಯನ್ನಷ್ಟೇ ಅಲ್ಲ, ಆ ಸಾಫ್ಟ್‌ವೇರನ್ನೇ ಬಿಟ್ಟುಹೋದರು. ಬೇರೆ ಯಾರೂ ಇಲ್ಲ ಅಂತ ಒಂದು ಅವಧಿ ನಾನೂ ಕೂತೆ. ಕೂರಬಾರದಿತ್ತು. ಇರಲಿ ಬಿಡು.

ಇನ್ನೊಂದು ಯೋಚನೆ ನಿಮ್ಮ ಸಮಿತಿಯಲ್ಲಿ ಯಾರಿಗಾದರೂ ಹೊಳೆದೇ ಹೊಳೆಯುತ್ತೆ: ಐದರ ಬದಲು ನಾಲ್ಕೇ ಸೀಟು ಅಂತ ಮಾಡಿಬಿಡೋಣ. ಬೇಡ. ನಿಮ್ಮದು ಎಸ್‌ಟಿವಿ, ಅಂದರೆ ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಅಂತ ಆದ್ಯತೆ ಕೊಟ್ಟು ಓಟು ಹಾಕೋ ಪದ್ಧತಿ. ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್‌ನವರು ತಮ್ಮ 9 ನಿರ್ದೇಶಕರನ್ನು ಪ್ರತಿವರ್ಷ ಆರಿಸೋದೂ ಅದರಲ್ಲೇ. ಗೆಲ್ಲೋಕೆ ಬೇಕಾದ ಕೋಟಾ ಅಂದರೆ ಬಿದ್ದ ಮತಗಳನ್ನು ಸೀಟಿಗಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿ, ಒಂದು ಕೂಡಿಸು. 180 ಮತ, 5 ಸೀಟಾದರೆ 180 ಭಾಗಿಸು 6, 30, ಕೂಡಿಸು 1, 31. ಸೀಟು 4 ಮಾಡಿದರೆ 37. 33 ಜನರ ಸಣ್ಣ ಗುಂಪೊಂದು, ಅನುವಾದ ಮಾಡೋರೋ ದಾಖಲೆ ಬರೆಯೋರೋ, 5 ಸೀಟಿನಲ್ಲಿ ತಮ್ಮವರೊಬ್ಬರನ್ನು ತಾವೇ ಗೆಲ್ಲಿಸಬಲ್ಲದು, 4 ಸೀಟಿನಲ್ಲಿ ಬೇರೆಯವರ ಓಟಿಗೆ ಕೈಚಾಚಬೇಕು. ಖಾಲಿ ಕುರ್ಚಿಯನ್ನು ಮುಚ್ಚಿಹಾಕೋಕೆ ಹೋಗಿ ಆಟದ ನಡುವೆ ಅಂಕಣವನ್ನೇ ಚಿಕ್ಕದು ಮಾಡಿದ ಹಾಗಾಗುತ್ತೆ.

ಕೊನೇ ದಿನ ಐದನೇ ಹೆಸರು ಬಂತು ಅನ್ನು, ಆಗಲೂ ಐದಕ್ಕೆ ಐದೇ. ಓಟು ಹಾಕಿದರೂ ಹಾಕದಿದ್ದರೂ ಎಲ್ಲರೂ ಗೆದ್ದರು. ಡೆಬಿಯನ್ ಮತಪತ್ರದಲ್ಲಿ “ಮೇಲಿನ ಯಾರೂ ಅಲ್ಲ” ಅನ್ನೋ ಸಾಲು ಯಾವಾಗಲೂ ಇರುತ್ತೆ. ನಮ್ಮ ನೋಟಾ ಥರ ಲೆಕ್ಕಕ್ಕಿದ್ದು ಆಟಕ್ಕಿಲ್ಲದ್ದಲ್ಲ, ಅದಕ್ಕಿಂತ ಕೆಳಗೆ ಬಂದ ಅಭ್ಯರ್ಥಿ ಆರಿಸಿ ಬರುವಂತಿಲ್ಲ. ಈ ವರ್ಷ ನಿಮ್ಮಲ್ಲಿ ಅದನ್ನು ಸೇರಿಸೋಕೆ ಬೈಲಾ ಬಿಡಲಾರದು. ಮುಂದಿನ ವರ್ಷದ ತಿದ್ದುಪಡಿಗೆ ಈಗಲೇ ಟಿಪ್ಪಣಿ ಮಾಡಿಟ್ಟುಕೋ. ಅದರ ಪಕ್ಕದಲ್ಲೇ ಕಂಪನಿ ಮಿತಿಯನ್ನೂ ಬರೆದುಕೋ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯನ್ನು ನೋಡಿಕೊಳ್ಳೋ ಐವರ ಸ್ಟೀರಿಂಗ್ ಕೌನ್ಸಿಲ್‌ನಲ್ಲಿ ಒಂದೇ ಕಂಪನಿಯವರು ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ನಿಮ್ಮಲ್ಲಿ ಅಂಥ ನಿಯಮವೇ ಇಲ್ಲ, ನೀನು ನಿಂತರೆ ಐವರಲ್ಲಿ ಮೂವರು ಒಂದೇ ಕಚೇರಿಯವರು. ನೋಡು, ಎಲ್ಲಿಂದ ಹೊರಟರೂ ನಿನ್ನ ಆ ಸಾಲಿಗೇ ಬಂದು ನಿಲ್ಲುತ್ತೇನೆ.

ಹೆಸರು ಹುಡುಕೋ ಗಡಿಬಿಡಿಯಲ್ಲಿ ಸದಸ್ಯರ ಪಟ್ಟಿಯ ಕಡೆ ಗಮನ ತಪ್ಪದಿರಲಿ. ಹೊಸ ಅಭ್ಯರ್ಥಿ ಬಂದರೆ ಅವರ ಗೆಳೆಯರೂ ಸದಸ್ಯರಾಗೋಕೆ ಬರ್ತಾರೆ. 2018ರ ನವೆಂಬರ್ 15ರಂದು, ಬೋರ್ಡ್ ಚುನಾವಣೆಗೆ ತಿಂಗಳಿದೆ ಅನ್ನುವಾಗ, ಎಲ್ಲರೂ ಸೇರಿ ಜಗತ್ತಿನ ನಕ್ಷೆ ಬರೆಯೋ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಫೌಂಡೇಶನ್‌ಗೆ ಒಂದೇ ದಿನ ನೂರರಷ್ಟು ಸದಸ್ಯತ್ವದ ಅರ್ಜಿ ಬಂದವು, ಅದೂ ನಮ್ಮ ದೇಶದಲ್ಲಿರೋ ಒಂದೇ ಕಂಪನಿಯ ನೌಕರರಿಂದ. ಪಟ್ಟಿ ಮುಚ್ಚೋ ದಿನ ನಾಮಪತ್ರ ತೆರೆಯೋ ದಿನಕ್ಕಿಂತ ಹಿಂದೆ ಇರಬೇಕು. ನಿಮ್ಮದು ಮುಚ್ಚಿದೆ ತಾನೇ? ಗಡುವು ವಿಸ್ತರಿಸಿದರೂ ಆ ತಾರೀಕು ಅಲುಗಬಾರದು.

2021ರ ಮಾರ್ಚಿನಲ್ಲಿ ಓಪನ್ ಸೋರ್ಸ್ ಇನಿಶಿಯೇಟಿವ್ ಅನ್ನೋ ಸಂಸ್ಥೆಯವರು ತಮ್ಮ ಬೋರ್ಡ್ ಚುನಾವಣೆಯಲ್ಲಿ ಮತದಾನದ ವ್ಯವಸ್ಥೆಯಲ್ಲಿದ್ದ ಲೋಪವನ್ನು ಯಾರೋ ಬಳಸಿಕೊಂಡದ್ದರಿಂದ ಫಲಿತಾಂಶವೇ ಬದಲಾಯಿತು ಅಂತ ತಾವೇ ಹೇಳಿ, ಚುನಾವಣೆಯನ್ನು ಮತ್ತೆ ನಡೆಸಿದರು. ನಾಳೆ ನಿಮ್ಮಲ್ಲೂ ಇಬ್ಬರಿಗೆ ಒಂದೇ ಲಿಂಕು ಹೋಗಬಹುದು, ಹನ್ನೆರಡು ಜನರ ಮೇಲ್ ಸ್ಪ್ಯಾಮಿಗೆ ಬಿದ್ದಿರಬಹುದು. “ಇದು ಸರಿಯಾಗಲಿಲ್ಲ, ಮತ್ತೆ ಮಾಡೋಣ” ಅನ್ನಬೇಕಾದವಳು ನೀನು. ಗೆದ್ದವರ ಪಟ್ಟಿಯಲ್ಲಿ ನಿನ್ನ ಹೆಸರಿದ್ದರೆ ಆ ಮಾತನ್ನು ಯಾವ ಬಾಯಲ್ಲಿ ಆಡ್ತೀಯ?

ಬೈದೆ ಅಂದುಕೋಬೇಡ. ಗಡುವಿಗೆ ಇನ್ನೂ ಒಂಬತ್ತು ದಿನ ಇದೆ. ತೆರವಾದ ಸ್ಥಾನದ ಕಲಮು ಮತ್ತು ಕೋರಂ ಕಲಮು ಎರಡನ್ನೂ ನನಗೆ ಕಳಿಸು, ಕೂತು ಓದ್ತೀನಿ. ಅದು ಬರೋವರೆಗೆ ನಾಮಪತ್ರದ ಫಾರ್ಮು ತೆರೆಯಲೇಬೇಡ.

ನಿನ್ನ ದೊಡ್ಡಮ್ಮ

ಮರೆತಿದ್ದೆ: ಗಡುವನ್ನು “30ನೇ ತಾರೀಕು 00:00 ಯುಟಿಸಿ” ಅಂತ ಹಾಕಿದ್ದೀರಿ. ಯುಟಿಸಿ ಅನ್ನೋ ಜಾಗತಿಕ ಸಮಯ ನಮಗಿಂತ ಐದೂವರೆ ಗಂಟೆ ಹಿಂದೆ, ಹಾಗಾಗಿ ಅದು ನಮ್ಮಲ್ಲಿ 30ರ ಬೆಳಗಿನ ಜಾವ ಐದೂವರೆ. 30 ಅಂತ ಓದಿದವರು ಆ ದಿನ ರಾತ್ರಿ ಕೂತು ಕಳಿಸೋಣ ಅಂದುಕೊಂಡಿರ್ತಾರೆ. ನಿನ್ನ ಐದನೇ ಹೆಸರು ಅಂಥವರದ್ದೇ ಇದ್ದರೂ ಇದ್ದೀತು. ಅದೇ ಗಡುವನ್ನು “29ನೇ ತಾರೀಕು 23:59 ಯುಟಿಸಿ” ಅಂತ ತಿದ್ದಿ, ಪಕ್ಕದಲ್ಲಿ ನಾಲ್ಕೈದು ಊರುಗಳ ಸಮಯ ಬರೆದು ಇವತ್ತೇ ಎಲ್ಲರಿಗೂ ಕಳಿಸು.