ಕಿಟ್ ಮೊದಲು, ಫೋಟೋ ಆಮೇಲೆ: ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ.

ವಿಷಯ: ಫಲಾನುಭವಿಗಳ ಫೋಟೋಗಳನ್ನು ಫೇಸ್‌ಬುಕ್, ವಾಟ್ಸಾಪ್‌ಗಳಲ್ಲಿ ಹಾಕುವ ಮುನ್ನ ಅನುಮತಿ ಪಡೆಯುವಂತೆ ಸುತ್ತೋಲೆ ಹೊರಡಿಸುವ ಕುರಿತು.

ಮಾನ್ಯರೇ,

ಮಳೆಗಾಲದಲ್ಲಿ ಗಂಗಾವಳಿ, ಅಘನಾಶಿನಿ ಉಕ್ಕಿದರೆ ಅಂಕೋಲಾ, ಕುಮಟಾ ಕಡೆ ಕಾಳಜಿ ಕೇಂದ್ರಗಳು ತೆರೆಯುತ್ತವೆ. ಒದ್ದೆ ಸೀರೆಯಲ್ಲೇ ಪರಿಹಾರದ ಕಿಟ್ ಹಿಡಿದು ನಿಂತ ಹೆಂಗಸಿನ ಫೋಟೋ ಸಂಜೆಯೊಳಗೆ ಹತ್ತು ಗ್ರೂಪ್ ಸುತ್ತಿರುತ್ತದೆ. ಕೆಳಗೆ ಹೆಸರು, ಊರು. ಮೂಲೆಯಲ್ಲಿ ಜಿಪಿಎಸ್ ಮುದ್ರೆ, ಅಂದರೆ ಫೋಟೋ ತೆಗೆದ ಜಾಗದ ಅಕ್ಷಾಂಶ, ರೇಖಾಂಶ. ಹಾಕಿದವರಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ, ಕೆಲಸ ಆಗಿದೆ ಎಂದು ಮೇಲಿನವರಿಗೆ ತೋರಿಸಬೇಕು. ಹೀಗೆ ದಾಖಲೆಗೆಂದು ತೆಗೆದ ಫೋಟೋವೇ ಪ್ರಚಾರದ ಫೋಟೋ ಆಗಿಬಿಡುತ್ತದೆ. ಇವೆರಡನ್ನೂ ಬೇರ್ಪಡಿಸುವ ಒಂದೇ ಪುಟದ ಸುತ್ತೋಲೆ ನಮ್ಮ ಕೋರಿಕೆ.

ಜಿಪಿಎಸ್ ಮುದ್ರೆಯ ಮಾತು ಮೊದಲು. ವಸತಿ ಯೋಜನೆಯ ಮನೆಗೂ ಉದ್ಯೋಗ ಖಾತರಿಯ ಹಾಜರಿಗೂ ಸ್ಥಳ ನಮೂದಾದ ಫೋಟೋ ಬೇಕು, ಒಪ್ಪಿದೆವು. ಆದರೆ ಅಕ್ಷಾಂಶ, ರೇಖಾಂಶಗಳಲ್ಲಿ ಬಿಂದುವಿನ ನಂತರ 4 ಅಂಕೆಗಳಿದ್ದರೆ ಜಾಗ ಸುಮಾರು 11 ಮೀಟರಿಗೆ ಕಿರಿದಾಗುತ್ತದೆ. 5 ಇದ್ದರೆ ಸುಮಾರು 1 ಮೀಟರಿಗೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಾದರೆ ಆ ಚುಕ್ಕೆ ಹತ್ತಾರು ಕುಟುಂಬಗಳ ಮೇಲೆ ಬೀಳುತ್ತದೆ. ಶಿರಸಿ, ಸಿದ್ದಾಪುರ, ಜೋಯಿಡಾದಲ್ಲಿ ತೋಟಕ್ಕೊಂದು ಮನೆ. ವಿಧವಾ ವೇತನ ಪಡೆಯುವ, ಒಂಟಿಯಾಗಿರುವ ಅಜ್ಜಿಯ ಫೋಟೋ ಮೇಲೆ ಆ ಅಂಕೆ ಇದ್ದರೆ ಅಪರಿಚಿತನಿಗೆ ಅಂಗಳದವರೆಗೂ ದಾರಿ ಬರೆದುಕೊಟ್ಟಂತೆ.

ಕಣ್ಣಿಗೆ ಕಾಣುವ ಮುದ್ರೆ ಒಂದಾದರೆ, ಫೈಲಿನೊಳಗೆ ಅಡಗಿರುವ ಸ್ಥಳಮಾಹಿತಿ ಇನ್ನೊಂದು. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದರೆ ಒಳಗಿನದು ಅಳಿಯುತ್ತದೆ. ಸ್ಪಷ್ಟತೆ ಕೆಡಬಾರದೆಂದು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಮೇಲಿನ ಮುದ್ರೆಯಂತೂ ಹೇಗೆ ಕಳಿಸಿದರೂ ಹೋಗದು. ಆದ್ದರಿಂದ ಎರಡು ಸಲ ಕ್ಲಿಕ್ಕಿಸಲಿ: ಜಿಪಿಎಸ್ ಆಪ್‌ನದ್ದು ಕಚೇರಿಯ ಕಡತಕ್ಕೆ ಮಾತ್ರ, ಪ್ರಚಾರಕ್ಕೆ ಬೇಕಾದದ್ದು ಫೋನಿನ ಸಾದಾ ಕ್ಯಾಮೆರಾದಲ್ಲಿ, ಲೊಕೇಶನ್ ಟ್ಯಾಗ್ ಆಫ್ ಮಾಡಿಕೊಂಡು.

ಮುಖ ಮರೆಮಾಚುವಲ್ಲೂ ಎಡವುವುದುಂಟು. ಫೋನಿನ ಹೈಲೈಟರ್ ಪೆನ್ನಿನ ಬಣ್ಣ ತೆಳು. ಎಷ್ಟು ಸಲ ಗೀಚಿದರೂ ಬ್ರೈಟ್‌ನೆಸ್ ಏರಿಸಿದಾಗ ಕೆಳಗಿನ ಮುಖ ಹೊರಬರಬಹುದು. ವರ್ಡ್, ಪವರ್‌ಪಾಯಿಂಟ್‌ನಲ್ಲಿ ಕ್ರಾಪ್ ಮಾಡಿದ ಭಾಗವನ್ನು ಬೇರೆಯಾಗಿ ಅಳಿಸದಿದ್ದರೆ ಅದು ಫೈಲಿನಲ್ಲೇ ಕೂತಿರುತ್ತದೆ. ದಟ್ಟ ಬಣ್ಣದ ಚೌಕವನ್ನು ಪೂರ್ತಿ ಮುಚ್ಚುವಂತೆ ಇಟ್ಟು, ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಹಂಚಬೇಕು. ಅಷ್ಟಾದರೂ ಹಾಲಕ್ಕಿ ಸಮುದಾಯದ ಹೆಂಗಸಿನ ಕೊರಳ ಮಣಿಸರ, ಮಗುವಿನ ಎದೆಯ ಮೇಲಿನ ಶಾಲೆಯ ಐಡಿ ಕಾರ್ಡ್, ಹಿಂದಿನ ಜಗಲಿ ಕಂಡರೆ ಊರವರಿಗೆ ಗುರುತು ಹತ್ತದೇ ಇರುತ್ತದೆಯೇ?

ಇನ್ನು ಅನುಮತಿ. ಕೈಯಲ್ಲಿ ಕಿಟ್ ಹಿಡಿದವರು ‘ಒಂದು ಫೋಟೋ ತೆಗೆಯಲಾ?’ ಎಂದರೆ ಬೇಡ ಅನ್ನುವ ಧೈರ್ಯ ಯಾರಿಗಿದೆ? ಹಾಗಾಗಿ ಕಿಟ್ ಕೊಟ್ಟು, ಸಹಿ ಹಾಕಿಸಿಕೊಂಡು, ಅವರು ಹೋಗಿ ಕೂತ ಮೇಲೆ ಕೇಳಬೇಕು. ಕಿಟ್ ಕೊಟ್ಟವರಲ್ಲದೆ ಬೇರೆಯವರು ಕೇಳಬೇಕು. ಕಾರವಾರದಲ್ಲಿ ಕೊಂಕಣಿ, ಹಳಿಯಾಳದಲ್ಲಿ ಮರಾಠಿ, ಭಟ್ಕಳದಲ್ಲಿ ನವಾಯತಿ, ಅವರವರ ಭಾಷೆಯಲ್ಲೇ ಆಗಬೇಕು. ತೆಗೆದ ಫೋಟೋ ತೋರಿಸಿ, ಎಲ್ಲಿ ಹಾಕುತ್ತೇವೆ, ಯಾರೆಲ್ಲ ನೋಡಬಹುದು ಎಂದು ಹೇಳಬೇಕು. ಕಿಟ್‌ನ ಪಟ್ಟಿಗೆ ಒತ್ತಿದ ಹೆಬ್ಬೆಟ್ಟು ಫೋಟೋಕ್ಕೂ ಒಪ್ಪಿಗೆ ಎನಿಸಿಕೊಳ್ಳದು. ಬೇಡ ಎಂದರೆ ಜೋಡಿಸಿಟ್ಟ ಕಿಟ್‌ಗಳ ಫೋಟೋ ಸಾಕು. ವರದಿಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ಕಾನೂನು ತಮಗೆ ಗೊತ್ತಿರುವುದೇ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು, ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿ ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರದು. ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಒಪ್ಪಿಗೆಯ ಕಲಂಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಸವಲತ್ತು ಕೊಡಲು ಮಾಹಿತಿ ಬಳಸಿಕೊಳ್ಳಲು ಸರ್ಕಾರಕ್ಕೆ ಅಲ್ಲಿ ಅವಕಾಶವಿದೆ ನಿಜ. ಆದರೆ ಫೇಸ್‌ಬುಕ್‌ಗೆ ಫೋಟೋ ಹಾಕದೆಯೂ ಅಕ್ಕಿ ಕೊಡಬಹುದಲ್ಲ. ಆ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಪರವಾಗಿ ಹೆತ್ತವರ ಒಪ್ಪಿಗೆ ಬೇಕು. ಪಾಲನೆ, ರಕ್ಷಣೆ ಬೇಕಾದ ಮಕ್ಕಳ ಗುರುತು ಬಹಿರಂಗಪಡಿಸಿದರೆ ಬಾಲನ್ಯಾಯ ಕಾಯ್ದೆ 2015ರ ಕಲಂ 74ರಂತೆ 6 ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಬಾಲಮಂದಿರಕ್ಕೆ ಹೋಗಿ ಹಣ್ಣು ಹಂಚಿ ಫೋಟೋ ಹಾಕುವ ಸಂಘದವರಿಗೂ ಇದನ್ನು ತಿಳಿಸಬೇಕು.

ಒಪ್ಪಿದವರು ನಾಳೆ ಮನಸ್ಸು ಬದಲಿಸಬಹುದು. ವಾಟ್ಸಾಪ್‌ನಲ್ಲಿ ‘ಎಲ್ಲರಿಗೂ ಅಳಿಸು’ ಸೌಲಭ್ಯ ಇರುವುದು ಸುಮಾರು ಎರಡೂವರೆ ದಿನ ಮಾತ್ರ, ಅಷ್ಟರೊಳಗೆ ಫಾರ್ವರ್ಡ್ ಆದದ್ದು ಕೈಗೆ ಸಿಗದು. ಆದ್ದರಿಂದ ಫೋಟೋ ಕಚೇರಿಯ ಪುಟದಲ್ಲಿರಲಿ, ಗ್ರೂಪ್‌ಗಳಿಗೆ ಲಿಂಕ್ ಮಾತ್ರ ಹೋಗಲಿ. ಆಗ ಒಂದೇ ಕಡೆ ತೆಗೆದರೆ ಆಯಿತು. ಪ್ರತಿ ಪಂಚಾಯಿತಿಯಲ್ಲಿ ಒಂದು ನೋಟ್‌ಬುಕ್ ಇಟ್ಟು ದಿನಾಂಕ, ಯಾರ ಫೋಟೋ, ಎಲ್ಲಿ ಹಾಕಿದ್ದು, ತೆಗೆಯಲು ಕೋರಿದ್ದು ಯಾವಾಗ ಎಂದು ಬರೆಯಲಿ. ಕೋರಿದ 48 ಗಂಟೆಯೊಳಗೆ ತೆಗೆಯಬೇಕೆಂದೂ, ಅರ್ಜಿ ಕೇಳದೆ ಬಾಯಿಮಾತು ಸಾಕೆಂದೂ ಸುತ್ತೋಲೆಯಲ್ಲಿ ಬರೆಯಿಸಿ. ಮೇ ಮುಗಿಯುವುದರೊಳಗೆ ಅದು ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಅಂಗನವಾಡಿ ಕಾರ್ಯಕರ್ತೆಯರ ಕೈ ಸೇರಿದರೆ ಈ ಮಳೆಗಾಲಕ್ಕೇ ಬಳಕೆಗೆ ಬರುತ್ತದೆ.

ಇಂತಿ,
ಫೋಟೋ ಮತ್ತು ಡಿಜಿಟಲ್ ದಾಖಲಾತಿಯ ಕೆಲಸದಲ್ಲಿರುವವರು,
ಕಾರವಾರ, ಕುಮಟಾ, ಶಿರಸಿ